ಎಡಗಡೆಯ ಸೀಟು

ಮಾಬೂಬೀಗೆ ಕಾರುಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಕಾರಿನ ಸೀಟನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಕೂರಿಸುತ್ತಾರಲ್ಲ, ಅಂಥವರು ಯಾರಾದರೂ ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳುವುದಿತ್ತು. ಅಣ್ಣನ ಮಗ ಇಜಾಜ್ ಅಂಥದ್ದೊಂದು ತಗ್ಗು ಕಾರು ಕೊಂಡಿದ್ದ. ಮೂಗು ಚೂಪು, ಬೆನ್ನು ಜಾರು, ಮೈತುಂಬ ಮಿಂಚು. ಹೋದ ವರ್ಷ ದಾವಣಗೆರೆಯಲ್ಲೇ ನಡೆದ ನೆಂಟರ ಮದುವೆಗೆ ಅತ್ತೆಯನ್ನು ಅದರಲ್ಲೇ ಕರೆದುಕೊಂಡು ಹೋದ. ಹತ್ತುವಾಗ ತೊಂದರೆಯಾಗಲಿಲ್ಲ, ಮಂಡಿ ಸೋತವರು ಕಾರಿಗೆ ಹತ್ತುವುದಿಲ್ಲ, ಬೀಳುತ್ತಾರೆ ಅಷ್ಟೇ. ಫಜೀತಿಯಾದದ್ದು ಇಳಿಯುವಾಗ. ಶಾದಿ ಮಹಲಿನ ಬಾಗಿಲಲ್ಲಿ, ಎರಡೂ ಕಡೆಯ ಬೀಗರ ಎದುರಿಗೆ, ಒಬ್ಬಳು ಬಲಗೈ ಹಿಡಿದಳು, ಇನ್ನೊಬ್ಬಳು ಎಡಗೈ ಹಿಡಿದಳು, ಇಜಾಜ್ ಒಳಗಿನಿಂದ ಬೆನ್ನಿಗೆ ಕೈ ಕೊಟ್ಟ. ಮೂವರೂ ಸೇರಿ ಬಾವಿಗೆ ಬಿದ್ದ ಕೊಡ ಮೇಲೆತ್ತುವ ಹಾಗೆ ಅವಳನ್ನು ಎಳೆದರು. ವಿಡಿಯೋದವನು ಅದನ್ನೂ ಹಿಡಿದ. ಆ ಮದುವೆಯ ವಿಡಿಯೋದಲ್ಲಿ ಮದುಮಗಳಿಗಿಂತ ಮೊದಲು ಮಾಬೂಬೀ ಬರುತ್ತಾಳೆ.

ಅವತ್ತಿನಿಂದ ಅವಳು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಬಸ್ಸಿನ ಮೆಟ್ಟಿಲು ಅವಳ ಮಂಡಿಗೆ ಗುಡ್ಡ. ಆಟೋ ಒಂದೊಂದು ಗುಂಡಿಗೂ ಸೊಂಟವನ್ನು ಮಾತಾಡಿಸುತ್ತದೆ. ಬೇರೆ ಊರುಗಳು ಹಾಳಾಗಿ ಹೋಗಲಿ, ಅವಳಿಗೆ ಬೇಕಾದದ್ದು ಹರಿಹರ ಒಂದೇ. ದಾವಣಗೆರೆಯ ಅಂಚಿನ ಆವರಗೆರೆಯ ಅವಳ ಮನೆಯಿಂದ ಹೊರಟರೆ, ಬಾಯಲ್ಲಿಟ್ಟ ಎಲೆ ಅಡಿಕೆ ಮುಗಿಯುವುದರೊಳಗೆ ಬರುವ ಊರು ಅದು. ಅಲ್ಲಿ ಹೊಳೆಯ ಕಡೆಯ ಓಣಿಯ ಮೊದಲನೇ ಮನೆಯಲ್ಲಿ ಅಕ್ಕ ಖಾಸಿಂಬೀ ಇದ್ದಾಳೆ. ಖಾಸಿಂಬೀಗೆ ಕಿವಿ ಮಂದ. ಅಕ್ಕತಂಗಿಯರು ಫೋನಿನಲ್ಲಿ ಮಾತಾಡಿದರೆ ಇಡೀ ಓಣಿಗೆ ಕೇಳಿಸುತ್ತದೆ, ಅಕ್ಕನೊಬ್ಬಳಿಗೆ ಬಿಟ್ಟು. ಎದುರಿಗೆ ಕೂತರೆ ಇಬ್ಬರಿಗೂ ಮಾತೇ ಬೇಡ. ಮುಖ ನೋಡಿ, ಮಂಡಿ ನೀವಿಕೊಂಡು, ಒಬ್ಬರ ಚಹಾ ಇನ್ನೊಬ್ಬರು ಕುಡಿದು ಎದ್ದರೆ ಹೊಟ್ಟೆ ತುಂಬುತ್ತಿತ್ತು. ಆ ಮದುವೆಯ ದಿನ ಅಕ್ಕನೂ ಶಾದಿ ಮಹಲಿನ ಬಾಗಿಲಲ್ಲೇ ನಿಂತು ಎಲ್ಲಾ ನೋಡಿದ್ದಳು. ಮಾಬೂಬೀಯ ಆಸೆ ಅಂದರೆ ಇಷ್ಟೇ: ಯಾರ ಕೈಯನ್ನೂ ಹಿಡಿಯದೆ ಅಕ್ಕನ ಬಾಗಿಲಲ್ಲಿ ಇಳಿಯಬೇಕು. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆ.

ಮಂಡಿ ಹೋದದ್ದು ಗಾದಿಯಿಂದ. ಗಂಡ ಜಮಾಲುದ್ದೀನನಿಗೆ ಹಳೇಪೇಟೆಯಲ್ಲಿ ಗಾದಿ ಅಂಗಡಿ. ಅವನು ಅರಳೆ ಹಿಂಜಿ ಕೊಡುವುದು, ಇವಳು ಅದನ್ನು ಬಟ್ಟೆಯ ಚೀಲಕ್ಕೆ ಸಮನಾಗಿ ತುಂಬಿ, ಗಾದಿಯ ಮೇಲೇ ಮಂಡಿಯೂರಿ ಕೂತು, ದಬ್ಬಣದಿಂದ ಹೊಲಿಗೆ ಹಾಕುವುದು. ಮದುವೆಯಾಗಿ ಬಂದ ಹೊಸತರಿಂದ ಅದೇ ಕೆಲಸ. ದಾವಣಗೆರೆಯ ಅದೆಷ್ಟೋ ಮಂದಿ ಸುಖವಾಗಿ ಕಾಲು ಚಾಚಿ ಮಲಗಿದ್ದಾರೆಂದರೆ ಅದು ಮಾಬೂಬೀ ಕಾಲು ಮಡಚಿದ್ದಕ್ಕೆ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ, ನಾನು ಹೇಳುತ್ತಿದ್ದೇನೆ.

ಜಮಾಲುದ್ದೀನನಿಗೆ ಇನ್ನೊಂದು ವಿದ್ಯೆಯ ಅಹಂಕಾರವಿತ್ತು. ಹಳೆಯ ಗಾದಿಯ ಮೇಲೆ ಅಂಗೈ ಆಡಿಸಿ ಅದರ ಮೇಲೆ ಮಲಗಿದವರ ಜಾತಕ ಹೇಳುತ್ತಿದ್ದ. ಇಲ್ಲಿ ತಗ್ಗಿದೆ, ಯಜಮಾನ ಮಗ್ಗುಲು ಬದಲಿಸುವುದಿಲ್ಲ. ಇಲ್ಲಿ ಗಂಟಾಗಿದೆ, ಮನೆಯಲ್ಲಿ ಯಾರೋ ಕೂತು ಯೋಚನೆ ಮಾಡುತ್ತಾರೆ. ಒಮ್ಮೆ ಹದಡಿಯಿಂದ ಗಿಡ್ಡಪ್ಪ, ಗಿರಿಯಮ್ಮ ಎಂಬ ಗಂಡಹೆಂಡತಿ ಹಳೆಯ ಗಾದಿಯ ಅರಳೆ ಮತ್ತೆ ಹಿಂಜಿಸಲು ತಂದಿದ್ದರು. ಇವನು ಅಂಗೈ ಆಡಿಸಿ, ಅಂಗಡಿ ತುಂಬ ಜನ ಇರುವಾಗಲೇ, "ಇದ್ರ ಮೇಲೆ ಒಬ್ರೇ ಮಲಗ್ತಾರ್ರಿ, ಇನ್ನೊಬ್ರು ಚಾಪಿ ಮೇಲೆ" ಎಂದುಬಿಟ್ಟ. ಮಾತು ನಿಜವಾಗಿತ್ತೋ ಏನೋ, ಗಿರಿಯಮ್ಮ ಗಾದಿ ಸುತ್ತಿಕೊಂಡು ಹೊರಟವಳು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಗಿರಾಕಿ ಹೋದದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ. ತನ್ನ ಅಂಗೈ ತಪ್ಪಲಿಲ್ಲವೆಂದು ವಾರವಿಡೀ ಹೇಳಿಕೊಂಡು ತಿರುಗಿದ.

ಕಾರಿನ ಮಾತು ತೆಗೆದವಳು ಮಗಳು ಸನೋಬರ್. ಸರಸ್ವತಿ ನಗರದ ಒಂದು ವಿಮೆ ಆಫೀಸಿನಲ್ಲಿ ಅವಳಿಗೆ ಕೆಲಸ. ಡ್ರೈವಿಂಗ್ ಲೈಸೆನ್ಸ್ ಹೊಸದಾಗಿ ಕೈಗೆ ಬಂದಿತ್ತು. ಓಡಿಸಲು ಕಾರೊಂದು ಇರಲಿಲ್ಲ.

"ಅಮ್ಮಾ, ಪೆಟ್ಟಿಗಿ ಥರಾ ಕಾರ್ ಬರ್ತಾವೆ. ಸಣ್ಣವು, ಆದ್ರೆ ಎತ್ತರ ಇರ್ತಾವೆ. ಕುರ್ಚಿ ಮೇಲೆ ಕುಂತಂಗೆ ಕುಂದ್ರಬೋದು" ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು.

ಜಮಾಲುದ್ದೀನ್ ಕನ್ನಡಕ ಏರಿಸಿ ನೋಡಿದ. "ನೋಡಾಕ ಚೆಂದ ಇಲ್ಲಲ್ಲೇ. ಟ್ರಂಕಿಗೆ ಗಾಲಿ ಹಚ್ಚಿದಂಗೈತೆ."

"ಚೆಂದ ಇರೋದ್ರಾಗೆ ಕುಂತು ನೋಡೀನಲ್ಲ" ಎಂದಳು ಮಾಬೂಬೀ.

ಅವನು ಮತ್ತೆ ಚಿತ್ರ ನೋಡಿದ. ಹಿಂದಿನ ಸೀಟು ಮಡಚಿದರೆ ಗಾದಿಯ ಸುರುಳಿ ಹಿಡಿಯುತ್ತದೆಂದು ತಿಳಿದ ಮೇಲೆ ಟ್ರಂಕು ಅವನ ಕಣ್ಣಿಗೂ ಸ್ವಲ್ಪ ಚೆಂದ ಕಂಡಿತು.

ಮೊದಲು ಹೊಸದನ್ನೇ ನೋಡೋಣವೆಂದು ಶೋರೂಮಿಗೆ ಹೋದರು. ಅಲ್ಲಿ ಕಾರನ್ನು ಕೆಂಪು ಜಮಖಾನೆ ಹಾಸಿದ ಕಟ್ಟೆಯ ಮೇಲೆ ಮದುಮಗನ ಹಾಗೆ ನಿಲ್ಲಿಸಿದ್ದರು. ಗಂಡ ಹತ್ತಿದ, ಮಗಳು ಹತ್ತಿದಳು. ಯಾರಿಗಾಗಿ ಕಾರು ನೋಡಲು ಬಂದಿದ್ದರೋ ಅವಳಿಗೆ ಆ ಕಟ್ಟೆ ಹತ್ತಲು ಆಗಲಿಲ್ಲ. ಅದು ಇಬ್ಬರ ಗಮನಕ್ಕೂ ಬರಲಿಲ್ಲ. ಶೋರೂಮಿನ ಹುಡುಗಿ ಸುಷ್ಮಾ ಮಾತ್ರ ನೋಡಿ, ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಮಾಬೂಬೀ ಅದರಲ್ಲಿ ಕೂತು, ಎದ್ದು, ಮತ್ತೆ ಕೂತಳು. ಕುರ್ಚಿಯ ಎತ್ತರ ಹೇಳಿ ಮಾಡಿಸಿದ ಹಾಗಿತ್ತು. ಇದಕ್ಕೇ ನಾಲ್ಕು ಗಾಲಿ ಹಾಕಿ ಕೊಡುತ್ತಾರೇನೆಂದು ಕೇಳಬೇಕೆನಿಸಿತು.

ಕಟ್ಟೆಯ ಮೇಲೆ ಜಮಾಲುದ್ದೀನ್ ಸ್ಟಿಯರಿಂಗ್ ಮುಟ್ಟಲಿಲ್ಲ, ಬಾನೆಟ್ ತೆರೆಸಲಿಲ್ಲ. ಸೀಟನ್ನು ಅಂಗೈಯಿಂದ ಒತ್ತಿ, ಮೂಗು ಹತ್ತಿರ ಒಯ್ದು, "ಒಳಗೇನು ತುಂಬ್ಯಾರಮ್ಮಾ?" ಎಂದು ಕೇಳಿದ.

"ಫೋಮ್ ಸರ್. ತುಂಬಾ ಒಳ್ಳೆ ಕ್ವಾಲಿಟಿ."

ಹುಡುಗಿ ಬೇರೇನಾದರೂ ಹೇಳಬಹುದಿತ್ತು. ಊರಿನವರೆಲ್ಲ ಫೋಮಿನ ಹಾಸಿಗೆಗೆ ಮರುಳಾಗಿ ಅರಳೆ ಗಾದಿಯನ್ನು ಮೂಲೆಗೆ ಒತ್ತಿದ ಮೇಲೆ, ಆ ಹೆಸರು ಕೇಳಿದರೇ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಕಟ್ಟೆಯಿಂದ ಇಳಿದೇಬಿಟ್ಟ.

"ಅಬ್ಬಾ, ಎಲ್ಲಾ ಕಾರ್‌ನಾಗೂ ಫೋಮೇ ಇರ್ತೈತೆ" ಎಂದು ಸನೋಬರ್ ಅಪ್ಪನ ಹಿಂದೆ ಹಿಂದೆ ಬಂದಳು.

"ಹಂಗಾದ್ರೆ ಹಳೇದು ತಗಳ್ಳಾಣ. ಹೊಸ ಸೀಟು ಮೂಕ ಇದ್ದಂಗೆ. ಹಳೇ ಸೀಟಾದ್ರೆ ಯಾರು ಕುಂತಿದ್ರು, ಹೆಂಗ ಕುಂತಿದ್ರು, ಎಲ್ಲಾ ಹೇಳ್ತೈತೆ. ಕೇಳೋ ಕೈ ನಂಗೈತೆ."

ಹೊಸ ಕಾರು ಬರಲು ತಿಂಗಳುಗಟ್ಟಲೆ ಕಾಯಬೇಕೆಂದು ಸುಷ್ಮಾಳೂ ಹೇಳಿದ್ದಳು. ಹಾಗಾಗಿ ಸನೋಬರ್ ಹೆಚ್ಚು ವಾದಿಸಲಿಲ್ಲ. ಮಾಬೂಬೀಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಕುರ್ಚಿ ಬಿಟ್ಟು ಏಳುವಾಗ ಅದನ್ನೊಮ್ಮೆ ತಿರುಗಿ ನೋಡಿದಳು.

ಒಂದು ಭಾನುವಾರ ಬೆಳಿಗ್ಗೆ ದಲ್ಲಾಳಿ ಮುನಾಫ್ ಬಿಳಿಯ ಪೆಟ್ಟಿಗೆ ಕಾರೊಂದನ್ನು ಆವರಗೆರೆಯ ಅವರ ಮನೆ ಮುಂದೆ ತಂದು ನಿಲ್ಲಿಸಿದ. ಮುನಾಫ್ ಸುಳ್ಳು ಹೇಳುವವನಲ್ಲ. ಕೇಳದೆ ನಿಜವನ್ನೂ ಹೇಳುವವನಲ್ಲ.

"ಹರಿಹರದ ಗಾಡಿ ಚಾಚಾ. ಒಬ್ರೇ ಓನರ್. ಕಾಗದಪತ್ರ ಎಲ್ಲಾ ಅವರ ಹತ್ರಾನೇ ಅದಾವೆ. ಓಡಿಸ್ಕೊಂಡು ಅಲ್ಲೀಮಟ ಹೋಗಾಣ, ಗಾಡಿ ನೋಡಿದಂಗೂ ಆತು, ಮಾತು ಮುಗಿಸಿದಂಗೂ ಆತು."

ಹರಿಹರ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮಾಬೂಬೀ ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದಳು.

ಸನೋಬರ್ ಫೋನ್ ಹಿಡಿದು ಟೈರು, ತುಕ್ಕು, ಎಣ್ಣೆ ಎಂದು ಒಂದೊಂದನ್ನೇ ನೋಡತೊಡಗಿದಳು. ಜಮಾಲುದ್ದೀನ್ ಅಂಗಿಯ ತೋಳು ಮಡಚಿ ಸೀಟಿಗೆ ಕೈಯಿಟ್ಟ. ಚಾಲಕನ ಸೀಟು ಮುಗಿಸಿ, ಎಡಗಡೆಯ ಸೀಟಿನ ಮೇಲೆ ಅಡ್ಡಡ್ಡ ಬೋರಲು ಬಿದ್ದು, ಹೊಲಿಗೆಗೆ ಕಣ್ಣು ತಾಗಿಸಿ, ಬಹಳ ಹೊತ್ತಿನ ಮೇಲೆ ಎದ್ದು ನಿಂತ. ಮುಖದಲ್ಲಿ ಗೆಲುವು ಉಕ್ಕುತ್ತಿತ್ತು.

"ಬಲಗಡಿ ಸೀಟು ಎಲ್ಲಾ ಕಡೀಗೂ ಸಮ ಕುಂತೈತೆ. ಅಂದ್ರೆ ಓಡಿಸೋನು ಮೈ ಬಿಟ್ಟು ಕುಂದ್ರೋನಲ್ಲ, ಹುಷಾರಿ ಮನ್ಷ. ಎಡಗಡೀದು ನೋಡ್ರಿ, ಒಂದೇ ಕಡಿ ಆಳಕ್ಕೆ ತಗ್ಗೈತೆ. ದಪ್ಪಗಿರೋ ಹೆಣ್ಮಗಳು. ದಿನಾ ಆಕೀನೇ ಕುಂತಾಳೆ, ಬ್ಯಾರೆ ಯಾರೂ ಕುಂತಿಲ್ಲ. ಹಿಂದಿನ ಸೀಟು ಮುಟ್ಟೇ ಇಲ್ಲ, ಮಕ್ಕಳಿಲ್ಲ ಪಾಪ. ಗಂಡ ಹೆಂಡ್ತಿ ಎಲ್ಲಿಗೋದ್ರೂ ಜೋಡೀಲೇ ಹೋಗ್ಯಾರೆ. ಇಂಥ ಮನಿ ಗಾಡಿ ಕಣ್ಣು ಮುಚ್ಚಿ ತಗಬೋದು."

ಮುನಾಫ್ ಕೆಮ್ಮಿದ. ಬಾನೆಟ್ ಎತ್ತಿ ನಿಲ್ಲಿಸಿದ.

ಮಾಬೂಬೀಗೆ ಆ ಕಾಣದ ಹೆಂಗಸಿನ ಮೇಲೆ ಪ್ರೀತಿ ಉಕ್ಕಿತು, ಹಿಂದೆಯೇ ಒಂದಿಷ್ಟು ಹೊಟ್ಟೆಕಿಚ್ಚೂ ಬಂತು. ಸೀಟು ತಗ್ಗು ಬೀಳುವಷ್ಟು ತಿರುಗಾಡಿದ್ದಾಳೆಂದರೆ ಗಂಡ ಎಷ್ಟು ಊರು ತೋರಿಸಿರಬೇಕು! ತಾನು ಗಂಡನ ಜೊತೆ ದೂರ ಹೋದದ್ದೆಂದರೆ ಅರಳೆ ತರಲು ಹೋದದ್ದೇ. ಎಲ್ಲರೂ ಬಾನೆಟ್ಟಿನೊಳಗೆ ತಲೆ ಹಾಕಿದ ಹೊತ್ತಿನಲ್ಲಿ ಅವಳು ಎಡಗಡೆಯ ಬಾಗಿಲು ತೆರೆದು, ಬೆನ್ನು ತಿರುಗಿಸಿ, ಮೆಲ್ಲಗೆ ಕೂತಳು. ಬೀಳಲಿಲ್ಲ, ಕೂತಳು. ಆ ಹೆಂಗಸಿನ ತಗ್ಗು ಇವಳ ಅಳತೆಗೇ ತೆಗೆದ ಹಾಗಿತ್ತು. ಒಂದೊಂದೇ ಕಾಲು ಒಳಗಿಟ್ಟಳು. ಮತ್ತೆ ಹೊರಗಿಟ್ಟು, ಬಾಗಿಲು ಹಿಡಿದು ಎದ್ದಳು. ಮಂಡಿ ಗೊಣಗಿತು, ಆದರೂ ಎತ್ತಿ ನಿಲ್ಲಿಸಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಕೂತು ಎದ್ದಳು. ಮತ್ತೊಮ್ಮೆ. ಬಾನೆಟ್ ಮುಚ್ಚುವ ಹೊತ್ತಿಗೆ ಅವಳಿಗೆ ಉಸಿರು ಹತ್ತಿತ್ತು, ಮುಖ ಅರಳಿತ್ತು.

"ಏನಾತೇ?" ಎಂದ ಗಂಡ.

"ಏನಿಲ್ರಿ. ಸೆಕೆ" ಎಂದಳು.

ಸನೋಬರ್ ಓಡಿಸಿದಳು. ಮಾಬೂಬೀ ಅವಳ ಪಕ್ಕಕ್ಕೆ, ಗಂಡಸರಿಬ್ಬರೂ ಹಿಂದೆ. ಊರು ದಾಟಿ ದೊಡ್ಡಬಾತಿ ಹತ್ತಿರ ಬರುವಾಗ ಮಾಬೂಬೀ ಕಾಲು ಚಾಚಿದಳು. ಕೆಳಗೆ ಹಾಸಿದ್ದ ದಪ್ಪ ರಬ್ಬರಿನ ಅಡಿಯಲ್ಲಿ ಪಾದಕ್ಕೆ ಏನೋ ಗಟ್ಟಿಯಾಗಿ ತಾಗಿತು. ಬುರ್ಖಾದ ಮರೆಯಲ್ಲೇ ರಬ್ಬರನ್ನು ಪಾದದಿಂದ ಸರಿಸಿದಳು. ಮಗಳ ಕಾಲಡಿಯಲ್ಲಿ ಇದ್ದಂಥದೇ ಒಂದು ಕಬ್ಬಿಣದ ಪೆಡಲು. ಇದೇನಪ್ಪಾ ಎಂದು ಮೆಲ್ಲಗೆ ಒತ್ತಿದಳು.

ಕಾರು ಮುಗ್ಗರಿಸಿತು. ಹಿಂದಿನವರ ಹಣೆ ಮುಂದಿನ ಸೀಟಿಗೆ ಬಡಿಯಿತು. ಸನೋಬರ್ ಗಾಬರಿಯಾಗಿ, "ನಾನೇನೂ ಮಾಡ್ಲಿಲ್ಲ ಅಬ್ಬಾ" ಎಂದಳು.

"ಬ್ರೇಕ್ ಹಿಡೀತೈತೇನೋ ಮುನಾಫ್?" ಎಂದ ಜಮಾಲುದ್ದೀನ್ ಹಣೆ ಉಜ್ಜಿಕೊಳ್ಳುತ್ತ.

ಮುನಾಫ್ ಕನ್ನಡಿಯಲ್ಲಿ ಮಾಬೂಬೀಯ ಮುಖ ನೋಡಿದ. ಮಾಬೂಬೀಯೂ ಕನ್ನಡಿಯಲ್ಲಿ ಅವನ ಮುಖ ನೋಡಿದಳು. ಇಬ್ಬರಿಗೂ ಅರ್ಥವಾಯಿತು. ಇಬ್ಬರೂ ರಸ್ತೆ ನೋಡತೊಡಗಿದರು.

ಮಾಬೂಬೀ ಪಾದವನ್ನು ಪೆಡಲಿನಿಂದ ತೆಗೆಯಲಿಲ್ಲ, ಒತ್ತಲೂ ಇಲ್ಲ. ಇಷ್ಟು ವರ್ಷ ಅವಳು ಬಸ್ಸು, ಆಟೋ, ಗಂಡನ ಸ್ಕೂಟರು, ಎಲ್ಲದರಲ್ಲೂ ಕೂತಿದ್ದಳು. ಒಂದನ್ನಾದರೂ ತಾನಾಗಿ ನಿಲ್ಲಿಸಿದ್ದಿಲ್ಲ. ನಿಲ್ಲಿಸಿ ಎಂದು ಕೇಳಬೇಕು, ಅವರಿಗೆ ಕೇಳಿಸಬೇಕು, ಅವರು ಮನಸ್ಸು ಮಾಡಬೇಕು. ಈಗ ಪಾದದಡಿಯಲ್ಲಿ ಆ ಪೆಡಲು ತಣ್ಣಗೆ ಕೂತಿತ್ತು. ಆ ದಪ್ಪ ಹೆಂಗಸಿನ ಗಂಡ ಎಂಥ ಪುಣ್ಯಾತ್ಮ, ಹೆಂಡತಿಗೂ ಒಂದು ಬ್ರೇಕು ಮಾಡಿಸಿಕೊಟ್ಟಿದ್ದಾನಲ್ಲ ಎಂದುಕೊಂಡಳು.

ಹರಿಹರದೊಳಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಆಟೋಗಳು ಆ ಕಾರನ್ನು ಕಂಡೊಡನೆ ದೂರ ಸರಿದು ದಾರಿ ಬಿಟ್ಟವು. ಒಬ್ಬ ಹೂವಿನವಳು ಕೈಬೀಸಿದಳು. ಒಳ್ಳೆಯ ಮನೆಯ ಗಾಡಿಗೆ ಎಷ್ಟು ಮರ್ಯಾದೆ ನೋಡು ಎಂದು ಜಮಾಲುದ್ದೀನ್ ಬೀಗಿದ. ಹೊಳೆಯ ಓಣಿಯ ಬಾಯಿ ದಾಟುವಾಗ ಮಾಬೂಬೀ ಕತ್ತು ಹೊರಳಿಸಿ ಅಕ್ಕನ ಬಾಗಿಲು ನೋಡಿದಳು. "ಮೊದ್ಲು ಮಾತು ಮುಗೀಲಿ, ಆಮ್ಯಾಲೆ ಬರಾಣ" ಎಂದ ಗಂಡ.

ಓನರ್ ವಾಮದೇವಪ್ಪ ಜಗಲಿಯ ಮೇಲೆ ಕೂತಿದ್ದ. ಅಗಲವಾದ ಆಳು, ಅದಕ್ಕೆ ತಕ್ಕ ಮೀಸೆ. "ಬರ್ರಿ, ಕೂಡ್ರಿ" ಎಂದು ಎದ್ದು, ಕುರ್ಚಿ ತರಲು ತಿರುಗಿದ. ಜಮಾಲುದ್ದೀನನ ಕಣ್ಣು ಕಸುಬಿನ ಅಭ್ಯಾಸದಂತೆ ಅವನ ಹಿಂಭಾಗಕ್ಕೆ ಹೋಯಿತು. ಅಳತೆ ಎಲ್ಲೋ ನೋಡಿದ ಹಾಗಿದೆ ಎನಿಸಿ ಅವನಿಗೆ ಸಣ್ಣಗೆ ದಿಗಿಲಾಯಿತು.

"ನಿಮ್ಮ ಮನಿಯೋರು ಕಾಣವಲ್ರು?" ಎಂದ.

"ಮದುವಿ ಆಗಿಲ್ರಿ" ಎಂದ ವಾಮದೇವಪ್ಪ.

ಜಮಾಲುದ್ದೀನ್ ಕಾರನ್ನೂ ಅವನನ್ನೂ ಒಂದಾದ ಮೇಲೊಂದು ನೋಡಿದ. ಆಮೇಲೆ ಕಾಂಪೌಂಡಿನ ಗೋಡೆ ನೋಡಿದ. ಸುಣ್ಣ ಬಳಿದಿದ್ದರೂ ಹಳೆಯ ಅಕ್ಷರ ಇಣುಕುತ್ತಿದ್ದವು: ವಾಮದೇವ ಮೋಟಾರ್ ಡ್ರೈವಿಂಗ್ ಶಾಲೆ.

"ಸಾಲಿ ಮುಚ್ಚಿಬಿಟ್ಟೆ ಯಜಮಾನ್ರೇ, ಬೀಪಿ ಜಾಸ್ತಿ ಆಗಿ. ಈ ಊರಾಗ ಸ್ಟಿಯರಿಂಗ್ ಹಿಡಿದೋರು ಅರ್ಧ ಮಂದಿ ನನ್ನ ಬಲಗಡೀಗೆ ಕುಂತು ಕಲ್ತೋರು. ದಪ್ಪಾನೋರು, ತೆಳ್ಳಾನೋರು, ಎಲ್ಲಾ ಥರದೋರು. ನಾ ಒಬ್ನೇ ಎಡಗಡಿ. ಎಡಗಡಿ ಬ್ರೇಕ್ ಒಂದು ಬಿಚ್ಚಿಸೋದು ಉಳಿದೈತೆ, ನೀವು ಹೂಂ ಅಂದ್ರೆ ಬಿಚ್ಚಿಸ್ತೀನಿ."

ಇಷ್ಟು ಹೊತ್ತು ಮಾಬೂಬೀಯ ಮನಸ್ಸಿನಲ್ಲಿ ಜೊತೆಗೆ ಕೂತು ಬಂದಿದ್ದ ಆ ಪ್ರೀತಿಯ ಹೆಂಗಸು ಈಗ ಮೀಸೆ ಬಿಟ್ಟುಕೊಂಡು ಜಗಲಿಯ ಮೇಲೆ ನಿಂತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಬುರ್ಖಾದ ಅಂಚನ್ನು ಬಾಯಿಗೆ ಒತ್ತಿ ಹಿಡಿದಳು.

"ಡ್ರೈವಿಂಗ್ ಸ್ಕೂಲ್ ಗಾಡೀನಾ? ಕ್ಲಚ್ ಏನಾಗಿರ್ಬೇಕು!" ಎಂದಳು ಸನೋಬರ್.

"ಕ್ಲಚ್ ಹೊಸದು ಹಾಕ್ಸೀನಮ್ಮಾ. ಯಾವ ಮೆಕ್ಯಾನಿಕ್ಕಿಗಾದ್ರೂ ತೋರಿಸ್ಕ ಬಾ."

ಜಮಾಲುದ್ದೀನನಿಗೆ ಕ್ಲಚ್ಚಿನ ಚಿಂತೆ ಇರಲಿಲ್ಲ. ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಆಮೇಲೆ ಮುನಾಫನ ಮೇಲೆ ತಿರುಗಿಬಿದ್ದ. "ಒಬ್ರೇ ಓನರ್ ಅಂದ್ಯಲ್ಲೋ!"

"ಒಬ್ರೇ ಅದಾರಲ್ಲ ಚಾಚಾ. ಹೆಂಡ್ತಿ ಅದಾಳೆ ಅಂತ ಹೇಳಿದ್ದು ನೀವು."

ಮಾತಿನಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ಜಮಾಲುದ್ದೀನನೂ ಮಾಡಿದ, ಹೊರಟುಬಿಟ್ಟ. "ನಡೀರಿ ದಾವಣಗೆರೀಗೆ. ಈ ಗಾಡಿ ಬ್ಯಾಡ. ನಮ್ಮನ್ನ ಮನಿಗೆ ಬಿಟ್ಟು ಮುನಾಫ್ ಗಾಡಿ ತಗಂಡೋಗ್ಲಿ."

"ಆಪಾನ ಮನಿ?" ಎಂದಳು ಮಾಬೂಬೀ, ಅಕ್ಕನ ಓಣಿಯ ಕಡೆ ನೋಡುತ್ತ.

"ಇನ್ನೊಮ್ಮೆ ಬರಾಣ. ಈ ಮುಖ ಇಟ್ಕಂಡು ಯಾರ ಮನಿಗೆ ಹೋಗ್ಲಿ?"

ಇನ್ನೊಮ್ಮೆ ಅಂದರೆ ಏನೆಂದು ಮಾಬೂಬೀಗೆ ಗೊತ್ತಿತ್ತು. ಇನ್ನೊಂದು ಕಾರು, ಇನ್ನೊಂದು ಸೀಟು, ಇನ್ನೊಂದು ಅಂಗೈ. ಅಷ್ಟರಲ್ಲಿ ತನ್ನ ಮಂಡಿಯೂ ಅಕ್ಕನ ಕಿವಿಯೂ ಪೂರ್ತಿ ಮುಷ್ಕರ ಹೂಡಿರುತ್ತವೆ. ಅವಳಿಗೆ ಅಳು ಬರುವಂತಾಯಿತು. ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

ಸನೋಬರ್ ಮೆಲ್ಲಗೆ ಓಡಿಸುತ್ತಿದ್ದಳು. ಹಿಂದೆ ಜಮಾಲುದ್ದೀನ್ ಮುನಾಫನನ್ನು ಬೈಯುತ್ತಿದ್ದ. ಹೊಳೆಯ ಓಣಿಯ ಬಾಯಿ ಹತ್ತಿರ ಬಂತು. ಮೊದಲನೇ ಮನೆಯ ಮೆಟ್ಟಿಲ ಮೇಲೆ ಖಾಸಿಂಬೀ ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಕಾಣಿಸಿತು. ಮಾಬೂಬೀ ಹಿಂದೆ ಮುಂದೆ ನೋಡಲಿಲ್ಲ. ರಬ್ಬರನ್ನು ಸರಿಸಿ, ಪಾದ ಊರಿ ಒತ್ತಿದಳು.

ಕಾರು ಕೆಮ್ಮಿ, ಅಲ್ಲಾಡಿ, ಅಕ್ಕನ ಮನೆಯ ಎದುರಿಗೇ ನಿಂತಿತು.

"ಮತ್ತೆ ಏನಾತು?" ಎಂದು ಜಮಾಲುದ್ದೀನ್ ಕೂಗಿದ.

"ನಾನೇ ನಿಂದ್ರಿಸಿದ್ದು" ಎಂದಳು ಮಾಬೂಬೀ. ಬಾಗಿಲು ತೆರೆದಳು.

"ಏ, ತಡಿ, ಕೈ ಕೊಡ್ತೀನಿ, ಬಿದ್ಗಿದ್ದೀಯ..."

"ಬ್ಯಾಡ್ರಿ. ಅಲ್ಲೇ ಕುಂದ್ರಿ."

ಒಂದು ಕಾಲು ಇಳಿಸಿದಳು, ಇನ್ನೊಂದು ಇಳಿಸಿದಳು. ಬಾಗಿಲು ಹಿಡಿದು ಎದ್ದಳು. ಬುರ್ಖಾ ಸರಿಮಾಡಿಕೊಂಡು ಹಿಂದಿನ ಕಿಟಕಿಯ ಹತ್ತಿರ ಬಂದು, ಗಂಡನ ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ನಂಗೆ ಇದೇ ಗಾಡಿ ಬೇಕು. ಕ್ಲಚ್ಚು ಗಿಚ್ಚು ಮೆಕ್ಯಾನಿಕ್ಕಿಗೆ ತೋರಿಸ್ರಿ. ಸೀಟು ಬಿಚ್ಚಿ ನಿಮ್ಮ ಅರಳೀನಾದ್ರೂ ತುಂಬ್ರಿ. ನನ್ನ ಬ್ರೇಕಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ."

ಜಮಾಲುದ್ದೀನ್ ಹಿಂದಿನಿಂದಲೇ ಕೈ ಚಾಚಿ ಎಡಗಡೆಯ ಸೀಟನ್ನು ಒತ್ತಿ ನೋಡಿದ. ಅದು ಇನ್ನೂ ಬೆಚ್ಚಗಿತ್ತು. "ಅರಳೆ ತುಂಬಿದ್ರೆ ಇನ್ನಾ ಸ್ವಲ್ಪ ಎತ್ತರ ಆಗ್ತೈತೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮುನಾಫ್ ಫೋನ್ ತೆಗೆದು ವಾಮದೇವಪ್ಪನ ನಂಬರು ಹುಡುಕತೊಡಗಿದ.

ಖಾಸಿಂಬೀ ಅಕ್ಕಿಯ ಮೊರ ಕೆಳಗಿಟ್ಟು ಎದ್ದು ನಿಂತಿದ್ದಳು. ಬರುತ್ತಿರುವ ತಂಗಿಯನ್ನು ನೋಡಿದಳು, ಅವಳ ಹಿಂದೆ ನಿಂತ ಪೆಟ್ಟಿಗೆಯಂಥ ಕಾರನ್ನು ನೋಡಿದಳು. ತಂಗಿಯ ಅಕ್ಕಪಕ್ಕ ಯಾರೂ ಇರಲಿಲ್ಲ. ಶಾದಿ ಮಹಲಿನ ಆ ದಿನ ಅವಳಿಗೆ ಮರೆತಿರಲಿಲ್ಲ.

"ಯಾರೇ ಎಳೆದ್ರು ನಿನ್ನ?" ಎಂದು ಕೂಗಿದಳು.

"ಯಾರೂ ಇಲ್ಲ ಆಪಾ!" ಎಂದು ಮಾಬೂಬೀ ಎದೆತುಂಬ ಕೂಗಿದಳು. ಓಣಿಗೆ ಓಣಿಯೇ ತಿರುಗಿ ನೋಡಿತು. ಅಕ್ಕನಿಗೂ ಕೇಳಿಸಿತು.